ಒಳಚಿಲಕ ಯಾರ ಹಕ್ಕು?

ಗಂಡಸನ್ನು ಪ್ರೀತಿಸುವ ಗಂಡಸು ದೊಡ್ಡ ನಗರಕ್ಕೆ ಹೋದರೆ ಯಾವ ಬಡಾವಣೆಯಲ್ಲಿ ಮನೆ ಹಿಡಿಯಬೇಕು? ಬೆಂಗಳೂರಿನಲ್ಲಾದರೆ ಇಂದಿರಾನಗರವೊ ಕೋರಮಂಗಲವೊ? ಹೈದರಾಬಾದಿನಲ್ಲಾದರೆ ಬಂಜಾರಾ ಹಿಲ್ಸೊ? ಉಳ್ಳವರ ನಡುವೆ ಈ ಪ್ರಶ್ನೆ ಈಗ ಸಲೀಸಾಗಿ ಓಡಾಡುತ್ತಿದೆ. ಉತ್ತರವೂ ಅಷ್ಟೇ ಸಲೀಸು. ಉದಾರ ಮನಸ್ಸಿನವರಿರುವ ಕಡೆ ಆರಿಸಿಕೊ. ಮಾಲಕ ಊರಲ್ಲಿಲ್ಲದ ಮನೆ ಹುಡುಕು. ಲಿಫ್ಟಿನಲ್ಲಿ ಎದುರಾದವರು ಹೆಸರನ್ನೂ ಕೇಳದಂಥ ಎತ್ತರದ ಕಟ್ಟಡ ಸಿಕ್ಕರೆ ಇನ್ನೂ ಒಳ್ಳೆಯದು. ಈ ಸಲಹೆಯಲ್ಲಿ ಕೆಡುಕೇನೂ ಇಲ್ಲ. ಆದರೆ ಅದರೊಳಗೆ ಒಂದು ಮಾತು ಅಡಗಿದೆ. ಉದಾರ ಮನಸ್ಸಿಗೂ ತಿಂಗಳ ಕಿರಾಯಿ ಇದೆ. ಅದನ್ನು ತೆರಲಾರದವನಿಗೆ ಆರಿಸಿಕೊಳ್ಳುವ ಭಾಗ್ಯವಿಲ್ಲ.

ದಾಲ್ ಮಿಲ್ಲಿನಲ್ಲಿ ತೊಗರಿ ಒಡೆಯುವವರಿಗೆ, ವಾಡಿಯ ಸಿಮೆಂಟ್ ಕಾರ್ಖಾನೆಯ ಪಾಳಿಗೆ ಹೋಗುವವರಿಗೆ, ಗಂಜಿನ ಮಗ್ಗುಲಲ್ಲಿ ಕಿರಾಣಿ ಅಂಗಡಿ ಇಟ್ಟವರಿಗೆ ಈ ಪ್ರಶ್ನೆಯಿಂದ ಏನಾಗಬೇಕಾಗಿದೆ ಎಂದು ಕೆಲವರು ಕೇಳಿಯಾರು. ಆಗಬೇಕಾದದ್ದು ಬಹಳವಿದೆ. ಅಂಗಡಿಯ ಮಾಳಿಗೆಯ ಮೇಲೆ ಎರಡು ಖೋಲಿ ಕಟ್ಟಿಸಿ ಕಿರಾಯಿಗೆ ಕೊಡುವವರು ನೀವು. ಅಂಥ ಒಂದೇ ಖೋಲಿಯಲ್ಲಿ ಐದಾರು ಜನ ಪಾಲುಗಾರರಾಗಿ ಮಲಗುವವರೂ ನೀವು. ಯಾರು ಒಳಗೆ, ಯಾರು ಹೊರಗೆ ಎಂಬ ತೀರ್ಪು ದಿಲ್ಲಿಯ ನ್ಯಾಯಾಲಯದಲ್ಲಿ ಆಗುವುದಕ್ಕಿಂತ ಹೆಚ್ಚಾಗಿ ನಿಮ್ಮ ಹೊಸ್ತಿಲಲ್ಲಿ ಆಗುತ್ತಿದೆ.

ಚಿಮ್ಮನಚೋಡದಿಂದ ಹೊರಟವನು

ಚಿಂಚೋಳಿ ತಾಲೂಕಿನ ಚಿಮ್ಮನಚೋಡದಿಂದ ಒಬ್ಬ ಹುಡುಗ ದುಡಿಯಲು ಹೊರಟನೆಂದು ಇಟ್ಟುಕೊಳ್ಳೋಣ. ಅವನಿಗೆ ಹೆಸರು ಬೇಡ. ಇಂಥವರು ಪ್ರತಿ ಊರಲ್ಲೂ ಇದ್ದಾರೆ. ಅಪ್ಪನಿಗೆ ಮಳೆಯನ್ನೇ ನಂಬಿದ ಮೂರೆಕರೆ ಹೊಲ. ತೊಗರಿಗೆ ನೆಟೆ ರೋಗ ಬಿದ್ದರೆ ಆ ವರ್ಷದ ಗಳಿಕೆ ಮಣ್ಣು. ಹುಡುಗನಿಗೆ ಇಪ್ಪತ್ತೆರಡು ತುಂಬಿತು, ಮನೆಯಲ್ಲಿ ಕನ್ಯಾ ನೋಡುವ ಮಾತು ಎದ್ದಿತು. ಅವನಿಗೆ ಹೆಣ್ಣಿನ ಮೇಲೆ ಮನಸ್ಸಿಲ್ಲ. ಮನಸ್ಸು ಎಲ್ಲಿದೆ ಎಂದು ಹೇಳಲು ಊರಲ್ಲಿ ಶಬ್ದವಿಲ್ಲ. ಇರುವ ಶಬ್ದಗಳೆಲ್ಲ ಬೈಗುಳ. ಆತ ಊರು ಬಿಡಲು ಎರಡು ಕಾರಣಗಳಿವೆ. ಹೊಟ್ಟೆಯ ಕಾರಣವನ್ನು ಎಲ್ಲರೆದುರು ಹೇಳುತ್ತಾನೆ, ಇನ್ನೊಂದನ್ನು ನುಂಗಿಕೊಳ್ಳುತ್ತಾನೆ.

ಎಲ್ಲಿಗೆ ಹೋಗುತ್ತಾನೆ? ಹೈದರಾಬಾದ್ ಹತ್ತಿರ, ಪುಣೆ ಮುಂಬಯಿಗೆ ರೈಲಿದೆ, ಬೆಂಗಳೂರು ದೂರವಾದರೂ ಕೆಲಸವುಂಟು. ಯಾವ ನಗರವಾದರೂ ಆಗಲಿ, ಅವನ ಬಡಾವಣೆಯನ್ನು ಆರಿಸುವವನು ಅವನಲ್ಲ, ಮೇಸ್ತ್ರಿ. ಮೊದಲೇ ಹೋದ ಊರವರು ಎಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದಾರೊ ಅಲ್ಲೇ ಇವನಿಗೂ ಒಂದು ಚಾಪೆಯ ಜಾಗ. ಸಾಲಾಗಿ ಮಲಗಿದ ಎಂಟು ಜನರಲ್ಲಿ ಇಬ್ಬರು ಸೋದರಮಾವನ ಕಡೆಯವರು, ಒಬ್ಬ ಅಪ್ಪನ ಗೆಳೆಯ. "ಯಾಕೋ ತಮ್ಮಾ, ಲಗ್ನ ಯಾವಾಗ?" ಎಂಬ ಅದೇ ಪ್ರಶ್ನೆ ಅಲ್ಲಿಯೂ ಕಾದು ಕುಳಿತಿರುತ್ತದೆ. ಇಲ್ಲಿ ಹಗಲು ನಡೆದ ಸಂಗತಿ ಫೋನಿನ ಮೂಲಕ ರಾತ್ರಿಯೊಳಗೆ ಚಿಮ್ಮನಚೋಡದ ಕಟ್ಟೆ ಮುಟ್ಟುತ್ತದೆ. ಹುಡುಗ ಊರು ಬಿಟ್ಟ, ಊರು ಹುಡುಗನನ್ನು ಬಿಡಲಿಲ್ಲ.

ಶೆಡ್ಡು ಬಿಟ್ಟು ಸ್ವಂತ ಖೋಲಿ ಹಿಡಿಯೋಣವೆಂದರೆ ಏನಾಗುತ್ತದೆ ನೋಡಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಕಿರಾಯಿಯನ್ನು ಮುಂಗಡ ಕೇಳುವುದು ಬಹುಕಾಲದ ವಾಡಿಕೆ. ಆರು ಸಾವಿರದ ಖೋಲಿಯೆಂದರೆ ಅರವತ್ತು ಸಾವಿರ ರೂಪಾಯಿ ಒಮ್ಮೆಗೇ ಎಣಿಸಬೇಕು. ಎಣಿಸಿದನೆನ್ನಿ. ಬಾಗಿಲಿನ ಮೇಲೆ ‘ಸಂಸಾರಸ್ಥರಿಗೆ ಮಾತ್ರ’ ಎಂಬ ಹಲಗೆ. ಇಬ್ಬರು ಗಂಡಸರು ಕೂಡಿ ಮನೆ ಕೇಳಿದರೆ ಅಣ್ಣತಮ್ಮಂದಿರೆಂದು ಸುಳ್ಳು ಹೇಳಬೇಕು. ಆ ಸುಳ್ಳನ್ನು ತಿಂಗಳು ತಿಂಗಳು ಕಿರಾಯಿಯ ಜೊತೆಗೆ ಕಟ್ಟುತ್ತಿರಬೇಕು. ಸುಳ್ಳು ಬಲ್ಲವನೊಬ್ಬ ಸಿಕ್ಕಿದನೊ, ಅವನಿಗೆ ಪ್ರತ್ಯೇಕ ಕಪ್ಪ.

ಖೋಲಿ ಇಲ್ಲದವರು ಎಲ್ಲಿಗೆ ಹೋಗುತ್ತಾರೆ? ಉದ್ಯಾನಕ್ಕೆ, ಬಸ್ ನಿಲ್ದಾಣದ ಕತ್ತಲೆಗೆ. ಅಲ್ಲಿ ಲಾಠಿ ಕಾದಿರುತ್ತದೆ. ಬೆಂಗಳೂರಿನ ಇಂಥ ಜಾಗಗಳಲ್ಲಿ ಪೋಲೀಸರು ಹೇಗೆ ಹೆದರಿಸಿ ಹಣ ಕೀಳುತ್ತಿದ್ದರೆಂಬುದನ್ನು ಪಿ.ಯು.ಸಿ.ಎಲ್.ನ ಕರ್ನಾಟಕ ಶಾಖೆ 2001ರಲ್ಲಿಯೇ ವರದಿ ಮಾಡಿತು. ಈ ಹಿಂಸೆಯ ಬೇರು ನೀತಿಯಲ್ಲಿಲ್ಲ, ನೆಲದ ಬೆಲೆಯಲ್ಲಿದೆ. ಒಳಚಿಲಕವುಳ್ಳ ಬಾಗಿಲಿದ್ದವನ ಪ್ರೀತಿ ಅವನ ಖಾಸಗಿ ವಿಷಯವಾಗುತ್ತದೆ. ಬಾಗಿಲೇ ಇಲ್ಲದವನ ಪ್ರೀತಿ ಠಾಣೆಯ ಕೇಸಾಗುತ್ತದೆ. ಒಂದೇ ದೇಶದಲ್ಲಿ, ಒಂದೇ ಮನಸ್ಸಿಗೆ, ಕಿಸೆ ನೋಡಿ ಎರಡು ನ್ಯಾಯ!

ಕಾಯಿದೆ ಕೊಟ್ಟದ್ದು, ಕಾಯಿದೆ ಬಿಟ್ಟದ್ದು

1860ರಲ್ಲಿ ಬ್ರಿಟಿಷರು ಬರೆದ ದಂಡಸಂಹಿತೆಯ 377ನೆಯ ಕಲಮು ಇಂಥ ಪ್ರೀತಿಯನ್ನು ಅಪರಾಧವೆಂದಿತು. ಬರೆದವರು ತಮ್ಮ ದೇಶದಲ್ಲಿ ಅಂಥ ಕಾಯಿದೆಯನ್ನು 1967ರಿಂದ ಸಡಿಲಿಸುತ್ತ ಹೋದರು. ನಾವು ಮಾತ್ರ ಅದನ್ನು ಹಿರಿಯರ ಆಸ್ತಿಯೆಂಬಂತೆ ಕಾಪಾಡಿಕೊಂಡೆವು. 2009ರ ಜುಲೈ 2ರಂದು ದಿಲ್ಲಿ ಹೈಕೋರ್ಟು ಪರಸ್ಪರ ಒಪ್ಪಿದ ವಯಸ್ಕರಿಗೆ ಅದು ಅನ್ವಯಿಸದೆಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಲೆಕೆಳಗು ಮಾಡಿತು. ಇವರು ಬಹಳ ಸ್ವಲ್ಪ ಜನ ಎಂಬುದೂ ಅಲ್ಲಿ ಒಂದು ವಾದವಾಗಿತ್ತು. ಹಕ್ಕನ್ನು ತಕ್ಕಡಿಯಲ್ಲಿ ಹಾಕಿ ತಲೆ ಎಣಿಸುವ ಈ ಲೆಕ್ಕ ಎಲ್ಲ ದುರ್ಬಲರಿಗೂ ಅಪಾಯಕಾರಿ.

ಆ ಬಳಿಕ ಬಂದದ್ದು ನಮ್ಮ ರಾಜ್ಯದವರೇ ಹೂಡಿದ ದಾವೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ತಳಹದಿಯ ಮೇಲೆ 2018ರ ಸೆಪ್ಟೆಂಬರ್ 6ರಂದು 5 ನ್ಯಾಯಮೂರ್ತಿಗಳ ಪೀಠ 377ರ ಹಲ್ಲು ಕಿತ್ತಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮಿಗೆ ಸ್ಥಳವೇ ಇಲ್ಲ.

ಆದರೆ ಗಮನಿಸಿ. ನ್ಯಾಯಾಲಯ ಮಲಗುವ ಖೋಲಿಯೊಳಗಿಂದ ಪೋಲೀಸನನ್ನು ಹೊರಗೆ ಕಳಿಸಿತು. ಆ ಖೋಲಿಯನ್ನು ಕೊಡಿಸುವವರು ಯಾರು? ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ಭೇದ ಮಾಡಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಕಿರಾಯಿ ಮನೆಯೆಂಬ ಮಾತು ಅಲ್ಲಿಲ್ಲ. 2005ರಲ್ಲಿ ಗುಜರಾತಿನ ಒಂದು ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ, ಸದಸ್ಯತ್ವವನ್ನು ತನ್ನ ಸಮುದಾಯಕ್ಕೇ ಮೀಸಲಿಡುವ ಉಪನಿಯಮವನ್ನು ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು. ಹೀಗೆ ಮನೆಯ ಬಾಗಿಲಿಗೆ ಬಂದು ಸಮಾನತೆ ನಿಂತುಬಿಟ್ಟಿತು.

1999ರ ಕರ್ನಾಟಕ ಬಾಡಿಗೆ ಕಾಯಿದೆಯನ್ನು ನೋಡೋಣ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ವಾಸದ ಮನೆಗೆ ಅದು ಅನ್ವಯವಾಗದಂತೆ ಬರೆಯಲಾಯಿತು. ಆ ದರಕ್ಕೆ ಈಗ ಬೆಂಗಳೂರಿನಲ್ಲಿ ಮನೆ ಎಲ್ಲಿ ಸಿಕ್ಕೀತು? ಬಾಡಿಗೆದಾರ ಸತ್ತರೆ ಮನೆಯಲ್ಲಿ ಉಳಿಯುವ ಹಕ್ಕನ್ನು ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ, ತಂದೆತಾಯಿಗೆ, ವಿಧವೆ ಸೊಸೆಗೆ ಅದು ಕೊಟ್ಟಿತು. ಇಪ್ಪತ್ತು ವರ್ಷ ಜೊತೆಯಲ್ಲಿದ್ದ ಸಂಗಾತಿ ಆ ಪಟ್ಟಿಯಲ್ಲಿಲ್ಲ. ಕರಾರು ಪತ್ರ ಒಬ್ಬನ ಹೆಸರಲ್ಲಿದ್ದರೆ, ಅವನು ಕಣ್ಣುಮುಚ್ಚಿದ ದಿನ ಮುಂಗಡದ ಹಣ ಊರಿನಿಂದ ಬಂದ ಅಣ್ಣತಮ್ಮಂದಿರಿಗೆ, ಇನ್ನೊಬ್ಬ ಬೀದಿಗೆ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಇವರ ಮದುವೆಯ ಹಕ್ಕನ್ನು ಒಪ್ಪದೆ ಆ ಭಾರವನ್ನು ಪಾರ್ಲಿಮೆಂಟಿನ ತಲೆಗೆ ಹೊರಿಸಿತು. ‘ಸಂಸಾರಸ್ಥರಿಗೆ ಮಾತ್ರ’ ಎಂಬ ಹಲಗೆ ಹಾಗೆಯೇ ತೂಗಾಡುತ್ತ ಉಳಿಯಿತು. 2024ರಲ್ಲಿ ಕೇಂದ್ರ ಸರಕಾರ ಇಂಥ ಜೋಡಿಯನ್ನು ರೇಷನ್ ಕಾರ್ಡಿಗೆ ಒಂದೇ ಮನೆಯವರೆಂದು ಎಣಿಸಿರೆಂದು ರಾಜ್ಯಗಳಿಗೆ ಬರೆಯಿತು, ಜಂಟಿ ಬ್ಯಾಂಕ್ ಖಾತೆಗೆ ಅಡ್ಡಿಯಿಲ್ಲವೆಂದಿತು. ಒಳ್ಳೆಯದೇ. ಆದರೆ ರೇಷನ್ ಕಾರ್ಡಿಗೆ ವಿಳಾಸ ಬೇಕು. ವಿಳಾಸಕ್ಕೆ ಮನೆ ಬೇಕು. ಮನೆಗೆ ಮಾಲಕನ ಕೃಪೆ ಬೇಕು.

ಲಿಂಗತ್ವ ಅಲ್ಪಸಂಖ್ಯಾತರಿಗೆಂದು 2019ರಲ್ಲಿ ಪಾರ್ಲಿಮೆಂಟು ಒಪ್ಪಿದ ಕಾಯಿದೆಯಲ್ಲಿ ಮನೆಯನ್ನು ಬಾಡಿಗೆಗೆ ಕೊಡುವಾಗ ಭೇದ ಮಾಡಬಾರದೆಂದು ಬರೆಯಲಾಯಿತು. ಅವರನ್ನು ಮನೆಯಿಂದ, ಹಳ್ಳಿಯಿಂದ ಹೊರದೂಡುವವರಿಗೆ 6 ತಿಂಗಳಿನಿಂದ 2 ವರ್ಷದವರೆಗೆ ಸೆರೆಯೆಂದೂ ವಿಧಿಸಲಾಯಿತು. ಅದು ಕಾಗದದಿಂದ ಇಳಿದು ಓಣಿಗೆ ಎಷ್ಟು ಬಂದಿದೆಯೆಂಬುದು ಬೇರೆ ಮಾತು. ಕಾಗದದ ಮೇಲಾದರೂ ಬರೆಯಬಹುದೆಂಬುದು ಸಿದ್ಧವಾಯಿತಷ್ಟೆ. ಹಾಗಾದರೆ ಸಲಿಂಗಪ್ರೇಮಿ ಕೂಲಿಕಾರನಿಗೆ ಆ ಒಂದು ಸಾಲನ್ನು ಬರೆಯಲು ಅಡ್ಡಿಯೇನು?

ವಿಳಾಸದ ಪಟ್ಟಿ ಬರೆದವರು

ನಮ್ಮ ಭಾಗದವರಿಗೆ ಇನ್ನೊಂದು ಇತಿಹಾಸ ಗೊತ್ತಿರಬೇಕು. ಚಿಂಚೋಳಿ, ಸೇಡಂ, ಚಿತ್ತಾಪುರಗಳೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, 1329 ಫಸಲಿಯಲ್ಲಿ, ಅಂದರೆ 1919ರ ಸುಮಾರಿಗೆ, ಹಿಜಡಾಗಳ ಮೇಲೆ ಒಂದು ಕಾಯಿದೆ ಬಂದಿತು. ಅವರ ಹೆಸರು ಮತ್ತು ವಾಸಸ್ಥಳಗಳ ದಫ್ತರ ಇಡತಕ್ಕದ್ದೆಂದು ಅದು ಹೇಳಿತು. ಸೀರೆಯುಟ್ಟು ಬೀದಿಗೆ ಬಂದರೆ ವಾರೆಂಟಿಲ್ಲದೆ ಹಿಡಿಯಬಹುದೆಂದೂ ಹೇಳಿತು. ತೆಲಂಗಾಣ ಹೈಕೋರ್ಟು ಇದನ್ನು ಅಸಂವಿಧಾನಿಕವೆಂದು ಕಿತ್ತೆಸೆದದ್ದು 2023ರ ಜುಲೈಯಲ್ಲಿ!

ನಿಜಾಮರ ಕಾಲದ್ದು ಎಂದು ಮೂಗು ಮುರಿಯುವ ಮೊದಲು ನಮ್ಮ ಕಾಲವನ್ನೂ ನೋಡಿಕೊಳ್ಳೋಣ. 1963ರ ಕರ್ನಾಟಕ ಪೋಲೀಸ್ ಕಾಯಿದೆಗೆ 2011ರಲ್ಲಿ 36ಎ ಎಂಬ ಕಲಮು ಸೇರಿಸಿದ ಪ್ರಜಾಸರಕಾರ ಅದೇ ದಫ್ತರವನ್ನು ಮತ್ತೆ ತೆರೆಯಿತು: ಹೆಸರು ಮತ್ತು ವಾಸಸ್ಥಳ. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಅಲ್ಲಿನ ‘ಹಿಜಡಾ’ ಎಂಬರ್ಥದ ಪದ ತೆಗೆದು ‘ವ್ಯಕ್ತಿ’ ಎಂದು ಹಾಕಿದರು. ಅದಕ್ಕೂ ಮುಂಚೆ, 2008ರ ನವೆಂಬರಿನಲ್ಲಿ, ಬೆಂಗಳೂರಿನ ದಾಸರಹಳ್ಳಿಯಲ್ಲಿ ಹಿಜಡಾಗಳಿಗೆ ಕೊಟ್ಟ ಮನೆಗಳನ್ನು ಖಾಲಿ ಮಾಡಿಸಿರೆಂದು ಪೋಲೀಸರು ಮನೆಮಾಲಕರಿಗೆ ತಾಕೀತು ಮಾಡಿದ್ದರು. ಅದೇ ವರ್ಷದ ಜೂನಿನಲ್ಲಿ ಬೆಂಗಳೂರಿನ ಬೀದಿಯಲ್ಲಿ ಮೊದಲ ಅಭಿಮಾನದ ಮೆರವಣಿಗೆ ಹೊರಟಿತ್ತು. ಮೆರವಣಿಗೆಗೆ ಬೀದಿ ಸಿಕ್ಕಿತು, ಮಲಗಲು ಮನೆ ಸಿಗಲಿಲ್ಲ. ಹಿಜಡಾ ಬೇರೆ, ಸಲಿಂಗಪ್ರೇಮಿ ಬೇರೆ, ನಿಜ. ಆದರೆ ಒಬ್ಬನನ್ನು ಓಡಿಸಲು ಕಲಿತ ಕೈ ಇನ್ನೊಬ್ಬನನ್ನು ಓಡಿಸಲು ಬಹಳ ದಿನ ತಡೆಯುವುದಿಲ್ಲ.

ಮನೆ ಹುಡುಕುವವನ ಅವಮಾನ ಈ ದೇಶಕ್ಕೆ ಹೊಸತೆ? 1917ರಲ್ಲಿ ಅಮೆರಿಕೆ, ಇಂಗ್ಲೆಂಡುಗಳಲ್ಲಿ ಓದಿ ಬಂದ ಅಂಬೇಡ್ಕರರು ಬರೋಡಾ ಸಂಸ್ಥಾನದ ನೌಕರಿಗೆ ಹೋದಾಗ ಆ ಊರಲ್ಲಿ ಅವರಿಗೆ ಇರಲು ಜಾಗ ಸಿಗಲಿಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿ ವಸತಿಗೃಹದಲ್ಲಿ ಇಳಿದರು. ಗುಟ್ಟು ತಿಳಿದ ದಿನ ಕೋಲು ಹಿಡಿದ ಗುಂಪು ಬಂದು ಸಂಜೆಯೊಳಗೆ ಜಾಗ ಬಿಡೆಂದು ಹೆದರಿಸಿತು. ಅವರ ಗೆಳೆಯರೂ ಆಶ್ರಯ ಕೊಡಲು ಹಿಂಜರಿದರು. ಅವರು ಸಾರ್ವಜನಿಕ ತೋಟವೊಂದರಲ್ಲಿ ಕುಳಿತು ಕಾಲ ಕಳೆದು ಊರೇ ಬಿಟ್ಟರು. ಅಸ್ಪೃಶ್ಯತೆಯ ನೋವನ್ನು ಬೇರೊಂದು ನೋವಿನ ಜೊತೆ ತೂಗಿ ಸಮವೆಂದು ಹೇಳುವ ಅವಿವೇಕ ನಮ್ಮದಲ್ಲ. ಆದರೆ ಸುಳ್ಳು ಹೆಸರು, ಬಯಲಾಗುವ ಭಯ, ಬಾಗಿಲಲ್ಲಿ ಕೋಲು, ಕೊನೆಗೆ ತೋಟದ ಬೆಂಚು ಎಂಬ ದಾರಿ ಒಂದೇ. ಚಿಮ್ಮನಚೋಡದ ಹುಡುಗ ದಲಿತನೂ ಆಗಿದ್ದರೆ ಒಂದೇ ಬಾಗಿಲಿಗೆ ಎರಡು ಬೀಗ. ಮುಸಲ್ಮಾನನಾಗಿದ್ದರೂ ಅದೇ ಕಥೆ. ಉದಾರ ಬಡಾವಣೆ ಎಂದು ಹೊಗಳಿಸಿಕೊಳ್ಳುವ ಕಡೆ ಮಾಲಕನು ಅವನ ಪ್ರೀತಿಯ ಬಗ್ಗೆ ಕೇಳದಿರಬಹುದು, ಜಾತಿಯನ್ನೂ ಮಾಂಸದಡಿಗೆಯನ್ನೂ ಕೇಳದೆ ಬಿಡುವುದಿಲ್ಲ.

ಮೂರು ಆಕ್ಷೇಪಣೆಗಳು

ಇದು ಪಶ್ಚಿಮದಿಂದ ಬಂದ ಚಟ ಎನ್ನುವವರಿದ್ದಾರೆ. ಪಶ್ಚಿಮದಿಂದ ಬಂದದ್ದು 377ನೆಯ ಕಲಮು. ಸಂಡೂರಿನಲ್ಲಿ ಹುಟ್ಟಿದ ಕಥೆಗಾರ ವಸುಧೇಂದ್ರರು 2013ರಲ್ಲಿ ‘ಮೋಹನಸ್ವಾಮಿ’ ಸಂಕಲನ ಪ್ರಕಟಿಸಿ ಈ ಬದುಕನ್ನು ಕನ್ನಡದಲ್ಲೇ ಹೇಳಿದರು. ಓದಿದವರು ಕನ್ನಡಿಗರು, ಅದರಲ್ಲಿ ತಮ್ಮನ್ನು ಕಂಡುಕೊಂಡವರೂ ಕನ್ನಡಿಗರು. ಬೈಗುಳವಲ್ಲದ ಶಬ್ದ ನಮ್ಮ ಭಾಷೆಯಲ್ಲಿ ಈಗ ಇದೆ.

ನಮ್ಮದು ಸಂಸಾರಸ್ಥರ ಮನೆ, ಮಕ್ಕಳಿದ್ದಾರೆ ಎನ್ನುವವರು ಎರಡನೆಯವರು. ಒಳ್ಳೆಯದು. ಕುಡಿದು ಹೆಂಡತಿಯನ್ನು ಬಡಿಯುವ ಸಂಸಾರಸ್ಥನಿಗೆ ಖೋಲಿ ಕೊಡುವಾಗ ಮಕ್ಕಳ ನೆನಪು ಏಕೆ ಬರುವುದಿಲ್ಲ? ಬಾಡಿಗೆದಾರನಲ್ಲಿ ನೋಡಬೇಕಾದದ್ದು ಮೂರು: ಕಿರಾಯಿ ಸಮಯಕ್ಕೆ ಬರುತ್ತದೆಯೆ, ಮನೆ ಚೊಕ್ಕಟವಾಗಿದೆಯೆ, ನೆರೆಯವರಿಗೆ ತೊಂದರೆ ಇಲ್ಲವೆ. ಬಾಗಿಲು ಹಾಕಿದ ಮೇಲಿನ ಸಂಗತಿ ಕರಾರಿಗೆ ಸೇರಿದ್ದಲ್ಲ. ಬಂದವನ ಕುಲಗೋತ್ರ ಕೇಳದೆ ಎಲೆ ಹಾಕಿದ ದಾಸೋಹದ ಊರು ಕಲಬುರಗಿ. ಶರಣಬಸವೇಶ್ವರರ ಜಾತ್ರೆಗೂ ಬಂದೇನವಾಜರ ಉರುಸಿಗೂ ಒಂದೇ ಕಾಲಿನಲ್ಲಿ ನಡೆಯುವ ವ್ಯಾಪಾರಸ್ಥ, ಖೋಲಿ ಕೊಡುವಾಗ ಮಾತ್ರ ಪೋಲೀಸನಂತೆ ಜಬಾಬು ತೆಗೆದುಕೊಳ್ಳುವುದು ಶೋಭಿಸುವುದಿಲ್ಲ.

ಮೂರನೆಯ ಆಕ್ಷೇಪಣೆ ನಮ್ಮವರದೇ. ಎಂ.ಎಸ್.ಕೆ. ಮಿಲ್ಲು ಮುಚ್ಚಿ ಎಷ್ಟೋ ಕಾಲವಾಯಿತು, ಗುತ್ತಿಗೆ ಕೂಲಿಕಾರನಿಗೆ ಕಾಯಂ ಕೆಲಸವಿಲ್ಲ, ತೊಗರಿಗೆ ಬೆಲೆಯಿಲ್ಲ. ಇದೆಲ್ಲ ಇರುವಾಗ ಈ ಸಣ್ಣ ವಿಷಯವೇಕೆ? ಇದಕ್ಕೆ ಉತ್ತರ ಹೇಳಲೇಬೇಕು. ಕೆಲಸ ಹುಡುಕಿಕೊಂಡು ಊರು ಬಿಟ್ಟವನಿಗೆ ಮನೆ ಸಣ್ಣ ವಿಷಯವಲ್ಲ. ಗುಟ್ಟು ಬಯಲಾದೀತೆಂಬ ಹೆದರಿಕೆಯಲ್ಲಿ ಬದುಕುವವನು ಮೇಸ್ತ್ರಿ ಕೂಲಿ ಕಡಿತ ಮಾಡಿದರೂ ತುಟಿ ಬಿಚ್ಚಲಾರ, ಸಂಘದ ಸಭೆಗೆ ಬರಲಾರ, ಮುಷ್ಕರದ ದಿನ ಎದೆಯುಬ್ಬಿಸಿ ನಿಲ್ಲಲಾರ. ಗುಟ್ಟು ಬಲ್ಲವನ ಕೈಯಲ್ಲಿ ಅವನ ಜುಟ್ಟು. ಮಾಲಕವರ್ಗಕ್ಕೆ ಇದಕ್ಕಿಂತ ಅಗ್ಗದ ಆಯುಧ ಎಲ್ಲಿ ಸಿಕ್ಕೀತು? ರಾಮಮನೋಹರ ಲೋಹಿಯಾ ಅವರು ಹೇಳಿದ ಸಪ್ತಕ್ರಾಂತಿಯಲ್ಲಿ ಒಂದು ಕ್ರಾಂತಿ ಖಾಸಗಿ ಬದುಕಿನ ಮೇಲಿನ ಅನ್ಯಾಯದ ಆಕ್ರಮಣಕ್ಕೆ ವಿರುದ್ಧವಾದದ್ದು. ಅದನ್ನು ಅವರು ಆರ್ಥಿಕ ಸಮಾನತೆಯ, ಜಾತಿನಾಶದ ಕ್ರಾಂತಿಗಳ ಪಂಕ್ತಿಯಲ್ಲೇ ಕೂರಿಸಿದರು, ಹೊರಗೆ ಕೂರಿಸಲಿಲ್ಲ.

1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರ ಎದ್ದು ನಿಂತ. 1974ರ ಭೂಸುಧಾರಣೆ ಅವನಿಗೆ ನೆಲ ಕೊಟ್ಟಿತು. ಧಣಿಯ ಮರ್ಜಿಯ ಮೇಲೆ ಬದುಕುವುದು ಮನುಷ್ಯನಿಗೆ ತಕ್ಕದ್ದಲ್ಲವೆಂದು ಹೊಲದಲ್ಲಿ ಒಪ್ಪಿದ ನಾಡು, ಖೋಲಿಯಲ್ಲಿ ಅದನ್ನು ಒಪ್ಪಿಲ್ಲ. ನಗರದ ಬಾಡಿಗೆದಾರ ಈ ಕಾಲದ ಗೇಣಿದಾರ. ಹನ್ನೊಂದು ತಿಂಗಳ ಕರಾರು ಅವನ ಗೇಣಿಚೀಟಿ.

ನಾವು ಕೇಳುವುದು

ಒಂದು: ಮನೆ ಕಿರಾಯಿಗೆ ಕೊಡುವಾಗ, ಮಾರುವಾಗ ಜಾತಿ, ಧರ್ಮ, ಮದುವೆ, ಪ್ರೀತಿಯ ಬಗೆ ಇವುಗಳ ಮೇಲೆ ಭೇದ ಮಾಡಬಾರದೆಂದು ರಾಜ್ಯ ಸರಕಾರ ಕಾಯಿದೆ ಮಾಡಬೇಕು. ಕೇಂದ್ರ ಸಚಿವ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಯ ಮುಂಗಡಕ್ಕೆ ಎರಡು ತಿಂಗಳ ಮಿತಿ ಹಾಕಿತು. ಆ ಮಿತಿ ನಮಗೆ ಬೇಕು, ಅದರ ಜೊತೆಗೆ ಭೇದದ ನಿಷೇಧವೂ ಬೇಕು.

ಎರಡು: ಬಾಡಿಗೆದಾರ ಬರೆದುಕೊಟ್ಟ ಸಂಗಾತಿಗೆ, ಅವನು ಯಾರೇ ಆಗಿರಲಿ, ಕರಾರು ಮುಂದುವರಿಸುವ ಹಕ್ಕು ಮತ್ತು ಮುಂಗಡ ಪಡೆಯುವ ಹಕ್ಕು ಇರಬೇಕು.

ಮೂರು: ದುಡಿಯಲು ಬಂದ ಒಂಟಿ ಕೂಲಿಕಾರರಿಗೆ ನಗರಗಳಲ್ಲಿ ಸರಕಾರವೇ ವಸತಿಗೃಹ ಕಟ್ಟಬೇಕು. ಸಾಲು ಚಾಪೆಯ ಶೆಡ್ಡು ಬೇಡ. ಒಬ್ಬೊಬ್ಬರಿಗೆ ಒಂದು ಖೋಲಿ, ಒಳಗಿನಿಂದ ಹಾಕಿಕೊಳ್ಳುವ ಚಿಲಕ.

ನಾಲ್ಕು: ಕಾರ್ಮಿಕ ಸಂಘಗಳು ಸದಸ್ಯನ ಗುಟ್ಟನ್ನು ಹಿಡಿದು ಅವನನ್ನು ಹೆದರಿಸುವ ಮೇಸ್ತ್ರಿಯನ್ನು, ಕೂಲಿ ಕದ್ದ ಮೇಸ್ತ್ರಿಯಷ್ಟೇ ತಪ್ಪಿತಸ್ಥನೆಂದು ಎಣಿಸಬೇಕು.

ಐದನೆಯದು ಸರಕಾರದಿಂದಲ್ಲ, ನಮ್ಮಿಂದ ಆಗಬೇಕಾದದ್ದು. ಹುಡುಗ ಚಿಮ್ಮನಚೋಡ ಬಿಟ್ಟು ಅಷ್ಟು ದೂರ ಏಕೆ ಹೋಗಬೇಕು? ಕಲಬುರಗಿಯಲ್ಲಿ, ಶಹಾಬಾದಿನಲ್ಲಿ, ಸೇಡಂನಲ್ಲಿ ದುಡಿದು, ವಾರಕ್ಕೊಮ್ಮೆ ತಾಯಿಯ ಕೈಯ ರೊಟ್ಟಿ ತಿಂದು, ತನ್ನ ಮನಸ್ಸಿನವನ ಜೊತೆ ಬದುಕುವುದು ಸಾಧ್ಯವಾದರೆ ನಗರದ ಉದಾರತೆಯನ್ನು ದುಬಾರಿ ಬೆಲೆಗೆ ಕೊಳ್ಳುವ ಗರಜೇ ಇಲ್ಲ. ಅದು ನಿಮ್ಮ ಮಾಳಿಗೆಯ ಖೋಲಿಯಿಂದ ಶುರುವಾಗಬಹುದು. ನಾಳೆ ಇಬ್ಬರು ಹುಡುಗರು ಖಾಲಿ ಖೋಲಿ ನೋಡಲು ಬಂದರೆ, ನಿಮ್ಮಿಬ್ಬರ ಸಂಬಂಧವೇನೆಂದು ಕೇಳಬೇಡಿ. ಕಿರಾಯಿ ಎಷ್ಟು, ನಳದ ನೀರು ಯಾವಾಗ ಬರುತ್ತದೆ, ಕರೆಂಟು ಬಿಲ್ಲು ಯಾರು ಕಟ್ಟಬೇಕು, ಇಷ್ಟು ಹೇಳಿ ಕೀಲಿಕೈ ಕೈಗೆ ಕೊಡಿ.